ಅತಿಥಿಯ ಮುಂದೆ ಅಗೆದ ಮಣ್ಣು

ಒಂದು ಕಡೆ ನೆಟ್ಟಗೆ ಕೂರುವುದು ನನ್ನಿಂದ ಎಂದೂ ಆಗಿಲ್ಲ. ಉದಗೀರದ ಕಾಲೇಜಿನಲ್ಲಿ ಮೂವತ್ತು ಚಿಲ್ಲರೆ ವರ್ಷ ವ್ಯವಸ್ಥಾಪನೆ ಕಲಿಸಿದೆ. ಅಷ್ಟೂ ವರ್ಷ ನನ್ನ ಕುರ್ಚಿ ಖಾಲಿಯೇ ಇತ್ತು. ಅದರಲ್ಲೂ ಒಂದು ಪಾಠ ಬಂತೆಂದರೆ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡಿಬಿಡುತ್ತಿದ್ದೆ. ಗಡಿಯಾರ ಹಿಡಿದು ಮನುಷ್ಯರ ಕೆಲಸ ಅಳೆಯುವ ಪಾಠ ಅದು. ಹಿಂದಿನ ಬೆಂಚಿನವರು ನನ್ನ ಸುತ್ತುಗಳನ್ನು ಎಣಿಸಿ ಪಂದ್ಯ ಕಟ್ಟುತ್ತಿದ್ದರಂತೆ. ಕಟ್ಟಲಿ, ಅಷ್ಟಾದರೂ ಎಚ್ಚರ ಇದ್ದರಲ್ಲ. ಯಾಕೆ ಓಡಾಡುತ್ತೀರಿ ಎಂದು ಅವರಲ್ಲಿ ಒಬ್ಬನೂ ಕೇಳಲಿಲ್ಲ. ಕೇಳಿದ್ದರೆ ಬೈದು ಕೂರಿಸುತ್ತಿದ್ದೆ. ಈಗ ಬೈಯಲು ಮನೆಯಲ್ಲಿ ಯಾರೂ ಸಿಗುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮೊದಲಲ್ಲಿ, ಕನ್ನಡ ಮರಾಠಿ ಬೆರೆತ ನಮ್ಮ ಗಡಿಯ ಕಡೆ, ಒಂದರ ಹಿಂದೊಂದು ಬರ ಬಿತ್ತು. ಹಡಗಿನಲ್ಲಿ ಬಂದ ಕೆಂಪು ಜೋಳಕ್ಕೆ ಮಿಲೊ ಎಂದು ಹೆಸರು ಹೇಳಿ, ಮೂಗು ಮುರಿದು, ಮತ್ತೆ ಅದನ್ನೇ ತಿಂದ ವರ್ಷಗಳವು. ಉಮರ್ಗಾದಿಂದ ನಿಲಂಗಾದವರೆಗೆ ಬಸ್ಸಿನ ಕಿಟಕಿಯಿಂದ ಎತ್ತ ನೋಡಿದರೂ ಜನ ನೆಲ ಅಗೆಯುತ್ತಿದ್ದರು. ರಸ್ತೆ, ಕೆರೆ, ಒಡ್ಡು. ಸರ್ಕಾರ ಕೊಟ್ಟ ಆ ಕೆಲಸಕ್ಕೆ ಎಲ್ಲರೂ ದುಷ್ಕಾಳಿ ಕಾಮ ಎನ್ನುತ್ತಿದ್ದರು. ಒಂದು ಗುಂಪು ದಿನಕ್ಕೆ ಎಷ್ಟು ಮಣ್ಣು ತೆಗೆದರೆ ಪೂರ್ತಿ ಹಾಜರಿ ಬರೆಯಬೇಕು ಎಂಬುದಕ್ಕೆ ಒಂದು ಮಾಪವಿತ್ತು. ಅದು ಯಾವುದೋ ಕಾಲದಲ್ಲಿ, ಯಾವುದೋ ಊರಿನ ಮೆದು ಮಣ್ಣಿಗೆ ಹೇಳಿದ್ದು. ನಮ್ಮ ಗಟ್ಟಿ ಮುರುಮಿಗೆ, ಆ ಕಲ್ಲುಮಣ್ಣಿಗೆ, ಅದು ಹೊಂದುತ್ತಿರಲಿಲ್ಲ. ಹಾಗಾಗಿ ಅಳೆಯಲು ಬಂದ ಸಾಹೇಬನ ಮನಸ್ಸಿಗೆ ತೋಚಿದ್ದೇ ಆ ದಿನದ ಮಾಪವಾಗುತ್ತಿತ್ತು. ತನಗೆ ಬೇಕಾದ ಗುಂಪಿಗೆ ಪೂರ್ತಿ ಹಾಜರಿ, ಬೇಡವಾದದ್ದಕ್ಕೆ ಅರ್ಧ. ಕೂಲಿಯೂ ಅಷ್ಟೇ.

ನಾನು ಆಗ ಎಂ.ಕಾಂ. ಮುಗಿಸಿ ಉದಗೀರದ ಮೋಂಢಾದಲ್ಲಿ, ಅಂದರೆ ನಮ್ಮ ಧಾನ್ಯದ ಪೇಟೆಯಲ್ಲಿ, ಅಪ್ಪನ ಅಂಗಡಿಯ ಗಾದಿಯ ತುದಿಗೆ ಕೂತು ಒದ್ದಾಡುತ್ತಿದ್ದೆ. ಅಪ್ಪ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಎಳೆದುಕೊಂಡು ಬಂದು ಕೂತರೆ ಮಧ್ಯಾಹ್ನದವರೆಗೆ ಅಲುಗುತ್ತಿರಲಿಲ್ಲ. ನಾನು ಅಷ್ಟು ಹೊತ್ತಿನಲ್ಲಿ ಹತ್ತು ಸಲ ಎದ್ದು ರೈಲು ಸ್ಟೇಶನ್ನಿಗೆ ಹೋಗಿ ಬರುತ್ತಿದ್ದೆ. ಯಾವ ರೈಲೂ ನನ್ನದಲ್ಲ, ಆದರೂ ಹೋಗುತ್ತಿದ್ದೆ. ಹೇಗಾದರೂ ಊರು ಬಿಡಬೇಕು ಎಂಬ ಒಂದೇ ಚಡಪಡಿಕೆ.

ಆಗ ಪುಣೆಯಿಂದ ಪ್ರಾಧ್ಯಾಪಕರೊಬ್ಬರು ಬಂದರು. ನನ್ನ ಪರೀಕ್ಷೆಯ ಪತ್ರಿಕೆ ನೋಡಿ ಮೆಚ್ಚಿದ್ದವರು. ಬರಗಾಲದ ಕೆಲಸದ ಮೇಲೆ ಅವರೊಂದು ಸಂಶೋಧನೆ ಹಿಡಿದಿದ್ದರು. ವ್ಯವಸ್ಥಾಪನೆಯ ಇತಿಹಾಸವನ್ನು ಅವರು ಮೂರೇ ಮೆಟ್ಟಿಲಲ್ಲಿ ಹೇಳಿ ಮುಗಿಸುತ್ತಿದ್ದರು: ಮೊದಲು ಧಣಿಯ ಕಣ್ಣಂದಾಜು, ಆಮೇಲೆ ಮೇಸ್ತ್ರಿಯ ಬೈಗುಳ, ಆಮೇಲೆ ಗಡಿಯಾರ. ಅಂದಾಜಿನಲ್ಲಿ ಪಕ್ಷಪಾತ ಇರುತ್ತದೆ, ಗಡಿಯಾರಕ್ಕೆ ಬೇಕಾದವರು ಬೇಡವಾದವರು ಅಂತ ಇಲ್ಲ ಎಂದರು. ನಮ್ಮ ಮುರುಮಿನಲ್ಲಿ ಒಂದು ಸಾಧಾರಣ ಗುಂಪು ನಿಜವಾಗಿ ಎಷ್ಟು ಅಗೆಯಬಲ್ಲದು ಎಂದು ನಾನು ಅಳೆದು ಕೊಟ್ಟರೆ, ಅದೇ ಹೊಸ ಮಾಪವಾಗುತ್ತದೆ. ಕೆಲಸ ಚೆನ್ನಾಗಿ ಬಂದರೆ ಪುಣೆಯಲ್ಲಿ ಸಹಾಯಕನ ಹುದ್ದೆ. ನಾನು ಆ ಮನುಷ್ಯನನ್ನು ನಂಬಿದೆ. ಇವತ್ತಿಗೂ ಅವರನ್ನು ಕೆಟ್ಟವರೆನ್ನಲು ಬಾಯಿ ಬರುವುದಿಲ್ಲ.

ನಿಲಂಗಾ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದೆ. ಅಲ್ಲಿಂದ ಉಮರ್ಗಾದ ದಾರಿಯಲ್ಲಿ ಒಂದು ಗಂಟೆಯ ಹಾದಿಗೆ ಕೆರೆಯ ಕೆಲಸ ನಡೆದಿತ್ತು. ಮೊದಲ ದಿನ ಹೋಗಿ ಅಲ್ಲಿನ ಮುಕಾದಮನಿಗೆ, ಗುಂಪುಗಳ ಮೇಲ್ವಿಚಾರಣೆ ಅವನದು, ಪುಸ್ತಕದಲ್ಲಿ ಓದಿದ್ದನ್ನೇ ಮರಾಠಿಯಲ್ಲಿ ಹೇಳಿದೆ. ಅವನೊಂದಿಗಿನ ಮಾತನ್ನೆಲ್ಲ ಇಲ್ಲಿ ನಮ್ಮ ಮಾತಿಗೆ ತಿರುಗಿಸಿ ಬರೆದಿದ್ದೇನೆ.

"ತೀರಾ ಗಟ್ಟಿ ಮಂದೀನೂ ಬ್ಯಾಡ, ತೀರಾ ಸೊರಗಿದವ್ರೂ ಬ್ಯಾಡ. ಸಾಧಾರಣ ಗುಂಪು ಒಂದು ತೋರಸ್ರಿ. ನಾಕು ದಿನ ನೋಡಿ ಬರಕೊಂಡು ಹೋಗ್ತೀನಿ."

"ಹೌದ್ರಿ ಸಾಹೇಬ, ಸಾಧಾರಣ," ಎಂದ ಮುಕಾದಮ. "ಇವತ್ತ ಬಿಸಲು ಭಾಳ ಅದ. ನಾಳಿ ಬರ್ರಿ."

ಆ 'ನಾಳಿ'ಯಲ್ಲಿ ಏನಿತ್ತು ಎಂದು ನನಗೆ ಹೊಳೆಯಲಿಲ್ಲ. ಮಾರನೆಯ ದಿನ ಹೋದರೆ ಜಾಲಿಮರದ ಕೆಳಗೆ ಕಂಬಳಿ ಹಾಸಿತ್ತು, ಮಣ್ಣಿನ ಕೊಡದಲ್ಲಿ ನೀರಿತ್ತು. ಮುಂದೆ ಗುಂಪು ಕೆಲಸಕ್ಕೆ ನಿಂತಿತ್ತು. ಗಂಡಸರು ಪಿಕಾಸಿ ಎತ್ತಿ ಹಾಕುವುದು, ಹೆಂಗಸರು ಬುಟ್ಟಿ ಹೊತ್ತು ಒಡ್ಡಿನ ಮೇಲೆ ಸುರಿದು ಬರುವುದು. ಸರಸರ ನಡೆಯಿತು ಕೆಲಸ. ನಾನು ಗಡಿಯಾರ ಒತ್ತಿದೆ, ಬರೆದೆ, ಒತ್ತಿದೆ, ಬರೆದೆ. ಯಾರೂ ನಡುವೆ ಕೂರುತ್ತಿರಲಿಲ್ಲ. ಒಬ್ಬಳು ಹಾಡು ಎತ್ತಿದರೆ ಉಳಿದವರು ದನಿಗೂಡಿಸುತ್ತಿದ್ದರು. ಹೊಟ್ಟೆಗಿಲ್ಲದ ಕಾಲದಲ್ಲೂ ಎಂಥ ಜನ ಎಂದು ನನಗೆ ಹೆಮ್ಮೆ ಬೇರೆ.

ನೀರಿನ ಕೊಡದ ಹತ್ತಿರ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಕೂತಿದ್ದಳು. ನಾನು ಮುಕಾದಮನ ಜೊತೆ ಮರಾಠಿಯಲ್ಲಿ ಮಾತಾಡುತ್ತ ನಡುವೆ ಕನ್ನಡ ಬೆರೆಸಿದ್ದನ್ನು ಕೇಳಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು.

"ನೀ ನಮ್ಮ ಮಾತಿನಂವ ಇದ್ದಿ ಏನು ತಮ್ಮಾ?"

ಆಳಂದದ ಕಡೆಯವಳು, ಇಲ್ಲಿಗೆ ಸೊಸೆಯಾಗಿ ಬಂದವಳು. ಗಂಡ ಕೆಲಸ ಹುಡುಕಿ ಸೋಲಾಪುರಕ್ಕೆ ಹೋಗಿ ತಿಂಗಳುಗಳಾಗಿದ್ದವು. ಮಾತಿನ ನಡುವೆ ಅವಳಿಗೆ ಉಸಿರು ಸಿಕ್ಕಿಕೊಳ್ಳುತ್ತಿತ್ತು, ಉಬ್ಬಸ. ಅವಳನ್ನು ನಾನು ಅಕ್ಕಾ ಎಂದೆ. ಏನು ಕೆಲಸ ನಿನ್ನದು ಎಂದು ಕೇಳಿದ್ದಕ್ಕೆ "ನೀರು ಕೊಡೂದು" ಎಂದಳು. ನಾನು ಅದನ್ನೂ ಬರೆದುಕೊಂಡೆ. ಗುಂಪಿನವರು ನೀರಿಗಾಗಿ ಒಬ್ಬರನ್ನು ಬೇರೆ ಇಟ್ಟುಕೊಂಡಿರುವುದರಿಂದ ಸಮಯ ಉಳಿಯುತ್ತದೆ, ಇದು ಎಲ್ಲ ಕಡೆ ಅನುಸರಿಸಬೇಕಾದ ಪದ್ಧತಿ ಎಂದು ವರದಿಯಲ್ಲಿ ಒಂದು ಪ್ಯಾರಾ ಹೊಗಳಿದೆ. ಆ ಪ್ಯಾರಾ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮಧ್ಯಾಹ್ನ ಅಕ್ಕ ನನಗೆ ಬಿಳಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು. ನಾಲ್ಕು ದಿನವೂ ಕೊಟ್ಟಳು. ಊರೆಲ್ಲ ಮಿಲೊ ತಿನ್ನುವಾಗ ಇವಳಿಗೆ ಬಿಳಿ ಜೋಳ ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ಧಾನ್ಯದ ವ್ಯಾಪಾರಿಯ ಮಗ ನಾನು, ಕೇಳಬೇಕಾದ ಪ್ರಶ್ನೆ ಅದೊಂದೇ ಇತ್ತು. ಕೊನೆಯ ದಿನ ಬಸ್ಸಿಗೆಂದು ಎರಡು ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ಕೈಗಿಟ್ಟಳು.

ನಿಲಂಗಾದ ಕೋಣೆಯಲ್ಲಿ ಲೆಕ್ಕ ಹಾಕಿದೆ. ದಣಿವಿಗೆ ಇಷ್ಟು, ನೀರಿಗೆ ಇಷ್ಟು, ಬಿಸಿಲಿಗೆ ಇಷ್ಟು ಎಂದು ಪುಸ್ತಕ ಹೇಳಿದಂತೆ ರಿಯಾಯಿತಿ ಬಿಟ್ಟೆ. ಆದರೂ ಹೊಸ ಮಾಪ ಹಳೆಯದಕ್ಕಿಂತ ಮೇಲೆ ಬಂತು. ನನಗೆ ಅನುಮಾನ ಬರುವ ಬದಲು ಖುಷಿ ಬಂತು. ಎಲ್ಲರೂ ತಿಳಿದದ್ದಕ್ಕಿಂತ ಬೇರೆ ಏನೋ ಕಂಡುಹಿಡಿದೆ ಎಂಬ ಖುಷಿ. ವರದಿ ಪುಣೆಗೆ ಕಳಿಸಿ ಉದಗೀರಕ್ಕೆ ಬಂದು ಅಪ್ಪನಿಗೆ ವಿವರಿಸಿದೆ. ಅವರು ಜೋಳದ ಚೀಲಕ್ಕೆ ಕೈ ಹಾಕಿ ಕಾಳು ನೋಡುತ್ತಲೇ ಕೇಳಿದರು.

"ನೀ ಅವ್ರನ್ನ ನೋಡೂ ಮುಂದ, ಅವ್ರು ನಿನ್ನ ನೋಡಲಿಕ್ಕತ್ತಿದ್ರೇನು?"

"ನೋಡದ ಮತ್ತೇನ್ರಿ ಅಪ್ಪಾ. ಎದುರಿಗೇ ಕುಂತಿದ್ದೆ."

"ಮ್ಯಾಲಿನ ಕಾಳು ನೋಡಿ ಬಂದಿ. ಚೀಲದಾಗ ಕೈ ಹಾಕಿಲ್ಲ," ಎಂದರು ಅಪ್ಪ.

ನನಗೆ ಸಿಟ್ಟು ನೆತ್ತಿಗೇರಿತು. ವಿಜ್ಞಾನಕ್ಕೂ ಜೋಳದ ಚೀಲಕ್ಕೂ ಏನು ಸಂಬಂಧ ಎಂದು ಕೂಗಾಡಿ, ಚಪ್ಪಲಿ ಮೆಟ್ಟಿಕೊಂಡು ಸ್ಟೇಶನ್ನಿಗೆ ಹೋದೆ.

ಪ್ರಾಧ್ಯಾಪಕರ ಪತ್ರ ಬಂತು. ವರದಿ ತುಂಬ ಚೆನ್ನಾಗಿದೆ, ಇನ್ನು ಎರಡು ವಾರದಲ್ಲಿ ತಾವೇ ಹೋಗಿ ಅಧಿಕಾರಿಗಳ ಕೈಗೆ ಕೊಡುವುದಾಗಿ, ಅಷ್ಟರೊಳಗೆ ನನ್ನ ನೇಮಕದ ಪತ್ರವೂ ಹೊರಡುವುದಾಗಿ ಬರೆದಿದ್ದರು. ಆ ಹೊತ್ತಿಗೆ ಅವ್ವನ ಕಣ್ಣು ಅಕ್ಕ ರೊಟ್ಟಿ ಕಟ್ಟಿಕೊಟ್ಟ ಬಟ್ಟೆಯ ಮೇಲೆ ಬಿತ್ತು. ಅದನ್ನು ಒಗೆದು, ಬರಿದು ಕಳಿಸಬಾರದೆಂದು ಪುಟಾಣಿ, ಬೆಲ್ಲ ಕಟ್ಟಿ, ಕೊಟ್ಟು ಬಾ ಎಂದಳು. ಮುಂಚೆ ಹೇಳಿ ಕಳಿಸದೆ, ಗಡಿಯಾರವಿಲ್ಲದೆ, ನಾನು ಮತ್ತೆ ಆ ಕೆರೆಗೆ ಹೋದದ್ದು ಹೀಗೆ.

ಜಾಲಿಮರದ ಕೆಳಗೆ ಕಂಬಳಿ ಇರಲಿಲ್ಲ. ಗುಂಪು ಅದೇ ಜಾಗದಲ್ಲಿತ್ತು, ಜನ ಮಾತ್ರ ಬೇರೆ. ಪಿಕಾಸಿ ಹಿಡಿದವರಲ್ಲಿ ಇಬ್ಬರು ಮುದುಕರು. ಒಬ್ಬ ಬಾಣಂತಿ ಬುಟ್ಟಿ ಇಳಿಸಿ, ಕೂಸಿಗೆ ಹಾಲು ಕೊಡಲು ಓಡುತ್ತಿದ್ದಳು. ಒಡ್ಡಿನ ಏರಿನಲ್ಲಿ ಅಕ್ಕ ತಲೆಯ ಮೇಲೆ ಬುಟ್ಟಿ ಹೊತ್ತು ಹತ್ತುತ್ತಿದ್ದಳು. ಅರ್ಧಕ್ಕೆ ನಿಂತಳು. ಮತ್ತೆ ಹತ್ತಿದಳು. ಸುರಿದು ಅಲ್ಲೇ ಕುಕ್ಕರಿಸಿ, ಎದೆ ಹಿಡಿದುಕೊಂಡು ಉಸಿರಿಗಾಗಿ ಕಾದಳು. ಹಿಂದೆ ಬಂದವಳು ಅಕ್ಕನ ಖಾಲಿ ಬುಟ್ಟಿಯನ್ನೂ ಎತ್ತಿಕೊಂಡು ಕೆಳಗಿಳಿದಳು. ದಿನವೂ ನಡೆಯುವ ಕೆಲಸ ಹಾಗಿತ್ತು. ಗುಂಪು ಅಗೆದ ಗುಂಡಿಯನ್ನು ಸಂಜೆ ಒಟ್ಟಿಗೇ ಅಳೆಯುತ್ತಿದ್ದರು, ಒಬ್ಬೊಬ್ಬರದು ಬೇರೆಯಲ್ಲ. ಹಾಗಾಗಿ ಒಬ್ಬಳ ಕಡಿಮೆಯನ್ನು ಹತ್ತು ಜನ ಸೇರಿ ತುಂಬುತ್ತಿದ್ದರು.

ಮುಕಾದಮನನ್ನು ಹಿಡಿದು ಕೇಳಿದೆ, ಆ ನಾಲ್ಕು ದಿನ ಅಗೆದವರು ಎಲ್ಲಿ? ಅವನು ಮುಚ್ಚುಮರೆ ಏನೂ ಮಾಡಲಿಲ್ಲ. ನಾಲ್ಕು ಗುಂಪುಗಳಿಂದ ಗಟ್ಟಿ ಆಳುಗಳನ್ನು ಆರಿಸಿ ತಂದು ನಿಲ್ಲಿಸಿದ್ದ. ಮುದುಕರನ್ನೂ ಬಾಣಂತಿಯನ್ನೂ ಒಡ್ಡಿನ ಆಚೆಗೆ ಕಳಿಸಿದ್ದ. ಅಕ್ಕ ಕನ್ನಡದವಳೆಂದು ನನ್ನ ಊಟ ನೋಡಿಕೊಳ್ಳಲು ಇಟ್ಟಿದ್ದ.

"ನಾ ಸಾಧಾರಣ ಗುಂಪು ಕೇಳಿದ್ದೆ!" ಎಂದು ಚೀರಿದೆ.

ಅವನಿಗೆ ನನ್ನ ಸಿಟ್ಟು ಅರ್ಥವಾಗಲಿಲ್ಲ. ಹೊಗಳುತ್ತೇನೆ ಎಂದುಕೊಂಡಿದ್ದ.

"ಅಲ್ರೀ ಸಾಹೇಬ, ನೀವು ಅಷ್ಟು ದೂರಿಂದ ಬೀಗರಂಗ ಪಾವ್ಣೇರಾಗಿ ಬಂದೀರಿ. ಹೆಣ್ಣು ನೋಡ್ಲಾಕ ಬಂದವ್ರ ಮುಂದ ಹರಕ ಚಾಪಿ ಹಾಸ್ತಾರೇನು? ಬಾಜೂ ಮನಿಯಿಂದ ಛಲೋ ಜಮಖಾನ ತಂದು ಹಾಸ್ತೀವಿ. ನಮ್ಮೂರ ಮಂದಿ ಆಳಸಿ ಅಂತ ನೀವು ಪುಣೇಕ ಹೋಗಿ ಬರಿಬಾರದು, ಅದಕ್ಕs."

ಬೇರೆ ಯಾವ ಸೀಮೆಯಲ್ಲಾದರೂ ಗಡಿಯಾರ ಹಿಡಿದವನನ್ನು ಕಂಡರೆ ಕೆಲಸಗಾರ ಕೈ ನಿಧಾನ ಮಾಡುತ್ತಾನೆ. ಪುಸ್ತಕದಲ್ಲಿ ಅದಕ್ಕೆ ಎಚ್ಚರಿಕೆ ಇದೆ, ಉಪಾಯವೂ ಇದೆ. ಗಡಿಯಾರ ಹಿಡಿದವನನ್ನು ಬೀಗನ ಹಾಗೆ ಸತ್ಕರಿಸಿ, ಅವನ ಮುಂದೆ ಊರಿನ ಮಾನ ಕಾಯುವ ಜನರ ಬಗ್ಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ಆದರೆ ನಾನು ಆ ಸೀಮೆಯಲ್ಲೇ ಹುಟ್ಟಿದವನು. ನಮ್ಮ ಮನೆಗೂ ಪಕ್ಕದ ಮನೆಯ ಜಮಖಾನ ಬಂದದ್ದನ್ನು ಕಂಡವನು. ನನಗೆ ಗೊತ್ತಿರಬೇಕಿತ್ತು.

ಮುಂದೇನಾಗುತ್ತದೆ ಎಂಬುದು ಅಲ್ಲೇ ನಿಂತಲ್ಲೇ ಕಂಡಿತು. ನನ್ನ ಮಾಪ ಬಂದರೆ ಈ ಗುಂಪು ಅದನ್ನು ಮುಟ್ಟುವುದಿಲ್ಲ. ಎಲ್ಲರಿಗೂ ಅರ್ಧ ಹಾಜರಿ. ಆಗ ಗುಂಪು ಉಳಿಯಬೇಕೆಂದರೆ ಕೈಲಾಗದವರನ್ನು ಬಿಡಬೇಕು, ಮೊದಲು ಬಿಡಬೇಕಾದವಳು ಅಕ್ಕ. ಕೆಲಸದಿಂದ ಹೊರಬಿದ್ದವಳಿಗೆ ಆ ಬರದಲ್ಲಿ ಬೇರೆ ದಾರಿ ಇರಲಿಲ್ಲ. ಅಕ್ಕನ ಕೈಗೆ ಬಟ್ಟೆಯ ಗಂಟು ಕೊಟ್ಟೆ. ಅವಳು ಬಿಚ್ಚಿ ನೋಡಿ, "ನಿಮ್ಮವ್ವ ಶಾಣ್ಯಾ ಹೆಣ್ಮಗಳು," ಎಂದಳು.

ಆ ಸಂಜೆಯೇ ಪ್ರಾಧ್ಯಾಪಕರಿಗೆ ಪತ್ರ ಬರೆದೆ. ಅಳತೆ ತಪ್ಪಾಗಿದೆ, ವರದಿ ಕೊಡಬೇಡಿ. ಎರಡೇ ಸಾಲು, ಮತ್ತೆ ಕಾರಣ. ಲಕೋಟೆ ಅಂಟಿಸಿದೆ. ಅವರು ವರದಿ ಕೊಡಲು ಇನ್ನೂ ಹತ್ತು ದಿನವಿತ್ತು, ಅಂಚೆ ಮುಟ್ಟಲು ಮೂರು ದಿನ ಸಾಕಿತ್ತು.

ಪತ್ರ ಎಂಟು ದಿನ ನನ್ನ ಜೇಬಿನಲ್ಲೇ ಉಳಿಯಿತು.

ಆ ಎಂಟು ದಿನದಲ್ಲಿ ನಾನು ಎಲ್ಲೂ ಒಂದು ತಾಸು ನಿಲ್ಲಲಿಲ್ಲ. ನಿಲಂಗಾದಿಂದ ಉಮರ್ಗಾ, ಉಮರ್ಗಾದಿಂದ ಮತ್ತೆ ನಿಲಂಗಾ, ಅಲ್ಲಿಂದ ಉದಗೀರ. ಪ್ರತಿ ಊರಿನ ಅಂಚೆ ಡಬ್ಬಿಯ ಮುಂದೆ ನಿಂತು ಬಂದೆ. ನೇಮಕದ ಪತ್ರ ಮೊದಲು ಬರಲಿ, ಬಂದ ಮರುಗಳಿಗೆ ಹಾಕುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಇನ್ನೂ ಅಷ್ಟು ದಿನ ಇದೆ ಎಂದೆ. ಇನ್ನೂ ಇಷ್ಟು ದಿನ ಇದೆ ಎಂದೆ. ಬೆವರಿಗೆ ಲಕೋಟೆ ಮೆತ್ತಗಾಯಿತು, ವಿಳಾಸ ಹರಡಿತು. ಹೊಸ ಲಕೋಟೆ ಕೊಂಡು ವಿಳಾಸ ಬರೆದೆ, ಅದನ್ನೂ ಜೇಬಿಗಿಟ್ಟೆ. ಊಟಕ್ಕೆ ಕೂತರೆ ಎದ್ದುಬಿಡುತ್ತಿದ್ದೆ. ಅವ್ವ ದೃಷ್ಟಿ ತೆಗೆದಳು.

ಎಂಟನೆಯ ದಿನ ನೇಮಕದ ಪತ್ರ ಬಂತು. ಓಡಿ ಹೋಗಿ ಉದಗೀರ ಸ್ಟೇಶನ್ನಿನ ಡಬ್ಬಿಗೆ ನನ್ನ ಪತ್ರ ಹಾಕಿದೆ. ಅದು ಪುಣೆ ಮುಟ್ಟಿದ್ದು ಪ್ರಾಧ್ಯಾಪಕರು ವರದಿ ಕೊಟ್ಟು ಬಂದ ಮಾರನೆಯ ದಿನ.

ಅವರ ಉತ್ತರದಲ್ಲಿ ಸಿಟ್ಟಿರಲಿಲ್ಲ. ಮಾಪ ತಿದ್ದಿಸಲು ತಾವು ಓಡಾಡುವುದಾಗಿ, ಸರ್ಕಾರಿ ಕಾಗದ ಹೊರಡುವಾಗ ಕುದುರೆಯಾದರೂ ವಾಪಸು ಬರುವಾಗ ಆಮೆಯೆಂದು ತಿಳಿದಿರಬೇಕೆಂದು ಬರೆದಿದ್ದರು. ಜೊತೆಗೆ ಒಂದು ಲೇಖನ ಲಗತ್ತಿಸಿದ್ದರು. ಅಮೆರಿಕದ ಕಾರ್ಖಾನೆಯೊಂದರಲ್ಲಿ ದೀಪದ ಬೆಳಕು ಹೆಚ್ಚಿಸಿದರೂ ಕೆಲಸ ಹೆಚ್ಚಿತು, ತಗ್ಗಿಸಿದರೂ ಹೆಚ್ಚಿತು. ಯಾರೋ ನಮ್ಮನ್ನು ನೋಡುತ್ತಿದ್ದಾರೆ ಎಂಬುದೇ ಅಲ್ಲಿನ ಕೆಲಸಗಾರರ ಕೈಗೆ ಚುರುಕು ಕೊಟ್ಟಿತೆಂದು ವಿದ್ವಾಂಸರು ತರ್ಕಿಸಿದ್ದರು. ನಾನು ಹುಟ್ಟುವ ಮೊದಲೇ ನಡೆದ ಸಂಗತಿ. ಲೇಖನದ ಅಂಚಿನಲ್ಲಿ ಅವರು ಇಷ್ಟೇ ಗೀಚಿದ್ದರು: ಇದನ್ನು ನಾವಿಬ್ಬರೂ ಓದಿದ್ದೆವು.

ಓದಿದ್ದೆ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಿದ್ದಿತ್ತು, ಆರು ಪುಟ ಬರೆದಿದ್ದೆ. ಅವರು ಮೆಚ್ಚಿದ ಪತ್ರಿಕೆ ಅದೇ. ಸಂಶೋಧನೆ ಆಚರಣೆಗೆ ಹೇಗೆ ದಾರಿ ತೋರಿಸುತ್ತದೆ ಎಂದು ಮುಂದೆ ಮೂವತ್ತು ವರ್ಷ ಪಾಠ ಹೇಳಿದ ನನಗೆ, ತಲೆಯಲ್ಲಿದ್ದ ಸಂಶೋಧನೆ ಜಾಲಿಮರದ ನೆರಳಿನವರೆಗೂ ಬಂದಿರಲಿಲ್ಲ. ಚೀಲದಲ್ಲಿ ಕೈ ಹಾಕು ಎಂದ ಅಪ್ಪ ಆ ಕಾರ್ಖಾನೆಯ ಹೆಸರೂ ಕೇಳಿರಲಿಲ್ಲ.

ಮಾಪ ಕೊನೆಗೆ ಇಳಿಯಿತು. ಇಳಿಯುವ ಹೊತ್ತಿಗೆ ಮಳೆ ಬಿದ್ದು ಕೆರೆಯ ಕೆಲಸವೇ ನಿಂತಿತ್ತು. ಪುಣೆಯ ಹುದ್ದೆಗೆ ಹೋದೆ, ವರ್ಷ ತುಂಬುವ ಮೊದಲೇ ಬಿಟ್ಟು ಬಂದೆ. ಯಾಕೆ ಬಿಟ್ಟೆ ಎಂದು ಕೇಳಿದವರಿಗೆ ಅಲ್ಲಿನ ನೀರು ಒಗ್ಗಲಿಲ್ಲ ಎಂದು ಹೇಳುತ್ತ ಬಂದಿದ್ದೇನೆ.

ಪುಣೆಗೆ ಹೊರಡುವ ಮುನ್ನ, ಹೊಸ ಮಾಪ ಜಾರಿಗೆ ಬಂದ ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಇನ್ನೊಮ್ಮೆ ಅಲ್ಲಿಗೆ ಹೋದೆ. ಎಂಟು ದಿನದ ಮಾತನ್ನು ಅಕ್ಕನಿಗೆ ಹೇಳಿಬಿಡಬೇಕು ಎಂದು ಹೋದೆ. ಗುಂಪಿನಲ್ಲಿ ಅವಳಿರಲಿಲ್ಲ. ಹಾಡು ಇರಲಿಲ್ಲ. ಎರಡು ಸಲ ಅರ್ಧ ಹಾಜರಿ ಬಿದ್ದ ಮೇಲೆ ಆಕೆ ತಾನಾಗಿಯೇ ಹೊರಗೆ ಹೋದಳು ಎಂದ ಮುಕಾದಮ. ಯಾರೂ ಹೋಗೆನ್ನಲಿಲ್ಲ, ಇರೆನ್ನಲೂ ಇಲ್ಲ ಎಂದ. ನನ್ನ ಮುಖ ನೋಡದೆ ಹೇಳಿದ.

ಅವಳ ಮನೆ ಊರಿನ ಕೊನೆಗಿತ್ತು. ಬಾಗಿಲಲ್ಲಿ ಕೂತು ಒಣಗಿದ ತೊಗರಿಕಟ್ಟಿಗೆ ಮುರಿಯುತ್ತಿದ್ದಳು. ಕೊರಳಿನ ಎಲುಬು ಎದ್ದು ಕಾಣುತ್ತಿತ್ತು. ನನ್ನನ್ನು ಕಂಡು ಗಾಬರಿಯಾಗಲಿಲ್ಲ, ಸಿಟ್ಟಾಗಲಿಲ್ಲ.

"ಬಾ ತಮ್ಮಾ. ಕುಂದ್ರು. ಉಣ್ಣು."

ಬೇಡ ಎಂದೆ. ಅವಳು ಕೇಳಲಿಲ್ಲ. ಒಳಗೆ ಹೋಗಿ ತಾಟಿನಲ್ಲಿ ರೊಟ್ಟಿ ತಂದಿಟ್ಟಳು. ಮಿಲೊ ರೊಟ್ಟಿ. ಕೆಂಪಗೆ, ದಪ್ಪಗೆ, ಅಂಚು ಬಿರಿದು. ಮೇಲೆ ಒಂದು ಚಿಟಿಕೆ ಉಪ್ಪು, ಒಂದು ಒಣ ಮೆಣಸಿನಕಾಯಿ. ಮುರಿದರೆ ಗೋಣಿಚೀಲದ ವಾಸನೆ ಬಂತು. ನಾನು ಹೇಳಬೇಕಾದ ಎಂಟು ದಿನದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮೊದಲ ತುತ್ತು ಬಾಯಿಗಿಟ್ಟೆ, ಅಗಿದಷ್ಟೂ ಮುಗಿಯಲಿಲ್ಲ.

ಅಕ್ಕ ಎದುರಿಗೆ ಕೂತು ನಾನು ತಿನ್ನುವುದನ್ನೇ ನೋಡುತ್ತಿದ್ದಳು. ಉಸಿರು ಒಂದು ಹದಕ್ಕೆ ಬಂದ ಮೇಲೆ ಮಾತಾಡಿದಳು.

"ಇದು ನಾವು ದಿನಾ ತಿನ್ನೂದು ನೋಡು. ಅವತ್ತ ನಿನಗ ಹಾಕಿದ್ದು ಬಿಳಿ ಜ್ವಾಳದ್ದು. ಐದು ಮನಿ ತಿರಗಿ ಒಂದೊಂದು ಮುಟಗಿ ಹಿಟ್ಟು ತಂದಿದ್ದೆ." ನನ್ನ ತಾಟಿನ ಕಡೆ ಕೈ ತೋರಿಸಿದಳು. "ಅವತ್ತs ಇದನ್ನ ಹಾಕಬೇಕಾಗಿತ್ತು. ನಮ್ಮ ಖರೇ ಹಾಲತ್ ನಿನಗ ತಿಳೀತಿತ್ತು, ನೀನೂ ಖರೇ ಬರೀತಿದ್ದಿ. ತಪ್ಪು ನಿಂದಲ್ಲ ತಮ್ಮಾ, ನಂದs ಅದ. ಹೌದಿಲ್ಲೋ?"

ನನ್ನ ಬಾಯಿ ತುಂಬ ರೊಟ್ಟಿ ಇತ್ತು. ನಾನು ಹೌದೆಂದು ತಲೆಯಾಡಿಸಿದೆ.